ಅದಕ್ಕೆ ಏನು ಬೇಕಂತೆ?

2024ರ ಅಕ್ಟೋಬರ್ 30ರ ರಾತ್ರಿ, ಕಾಪುವಿನ ನಮ್ಮ ಹಳೆಯ ಮನೆಯ ಚಾವಡಿಯಲ್ಲಿ ನಾನೂ ನನ್ನ ಅಕ್ಕನ ಮಗನೂ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟುಕೊಂಡು ‘ದಿ ಥಿಂಗ್’ ನೋಡುತ್ತ ಕುಳಿತಿದ್ದೆವು. ಮರುದಿನ ನರಕ ಚತುರ್ದಶಿ. ಬಚ್ಚಲಿನ ಹಂಡೆಯನ್ನು ಹುಣಸೆಹುಳಿಯಲ್ಲಿ ತಿಕ್ಕಿ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿಸಿ ಆಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎಣ್ಣೆ ಹಚ್ಚಿಕೊಳ್ಳಬೇಕು, ಬೇಗ ಮಲಗಿ ಎಂದು ಅಮ್ಮ ಎರಡು ಸಲ ಹೇಳಿಯೂ ಆಗಿತ್ತು. ಆ ವರ್ಷ ಹಬ್ಬವೂ, ಅಮೆರಿಕದವರು ಭೂತವೇಷ ಹಾಕಿ ಆಚರಿಸುವ ಹ್ಯಾಲೋವೀನೂ ಒಂದೇ ದಿನ ಬಿದ್ದಿದ್ದವು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಳಿಯ, ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಹೆದರಿಕೆಯ ಸಿನಿಮಾ ನೋಡುವ ವ್ರತವನ್ನು ಹಾಸ್ಟೆಲಿನ ಗೆಳೆಯರಿಂದ ಹಿಡಿದುಕೊಂಡು ಬಂದಿದ್ದ. ಅವನ ಲೆಕ್ಕದಲ್ಲಿ ಅದು ಮೂವತ್ತನೆಯದು. ನಾನು ಅಷ್ಟು ನಿಷ್ಠಾವಂತನಲ್ಲ. ಭೂತಬಂಗಲೆ, ಕೊಲೆಗಡುಕ, ಮೈಮೇಲೆ ಬರುವ ಆತ್ಮ ಇವುಗಳ ಸಿನಿಮಾ ನನಗೆ ರುಚಿಸುವುದಿಲ್ಲ. ಆದರೆ ಕಾಸ್ಮಿಕ್ ಹಾರರ್ ಎಂದು ಕರೆಯುವ, ಮನುಷ್ಯನ ಪರಿವೆಯೇ ಇಲ್ಲದ ಯಾವುದೋ ಅಪಾರ ಶಕ್ತಿಯ ಭಯದ ಸಿನಿಮಾವನ್ನು ಮಾತ್ರ, ಮಳೆ ಹಿಂದೆ ಸರಿದು ಸಂಜೆ ಸಿಡಿಲು ಗುಡುಗುವ ಈ ತಿಂಗಳಲ್ಲಿ, ಹಲವು ವರ್ಷಗಳಿಂದ ಒಬ್ಬನೇ ನೋಡುತ್ತ ಬಂದಿದ್ದೇನೆ.

ಸಿನಿಮಾ ಮೊದಲ ದೊಡ್ಡ ದೃಶ್ಯಕ್ಕೆ ಬಂದಿತ್ತು. ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರವೊಂದರ ನಾಯಿಗೂಡಿನಲ್ಲಿ, ಹೊರಗಿನಿಂದ ಬಂದು ಸೇರಿಕೊಂಡ ನಾಯಿಯ ಮುಖ ಹೂವಿನ ಹಾಗೆ ಬಿರಿದು, ಒಳಗಿನಿಂದ ಕೆಂಪು ಬಳ್ಳಿಗಳು ಹೊರಟು ಉಳಿದ ನಾಯಿಗಳನ್ನು ಹಿಡಿದುಕೊಳ್ಳುತ್ತಿದ್ದವು. ಅಡುಗೆಮನೆಯ ದೀಪ ಆರಿಸಿ ಬಂದ ಅಮ್ಮ ನಮ್ಮ ಹಿಂದೆ ನಿಂತರು. ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದು ನಿಮಿಷ ಪೂರ್ತಿ ನೋಡಿ, ಪಕ್ಕದ ಮನೆಗೆ ಬಂದ ಅಪರಿಚಿತನ ಬಗ್ಗೆ ವಿಚಾರಿಸುವ ಧ್ವನಿಯಲ್ಲಿ ತುಳುವಿನಲ್ಲಿ ಕೇಳಿದರು: “ಅದಕ್ಕೆ ಏನು ಬೇಕಂತೆ?”

“ಅದಕ್ಕೆ ಏನೂ ಬೇಡ ಅಜ್ಜಿ,” ಎಂದ ಅಳಿಯ.

“ಏನೂ ಬೇಡವಾದರೆ ಯಾಕೆ ಬಂದದ್ದು?”

“ಬಂದದ್ದಲ್ಲ ಅಜ್ಜಿ. ಮೇಲಿನಿಂದ ಬಿದ್ದದ್ದು.”

“ಬಿದ್ದದ್ದಾದರೂ ಒಂದು ಮಾತು ಕೇಳಬೇಕಲ್ಲ,” ಎಂದು ಅಮ್ಮ ಒಳಗೆ ಹೋದರು. ಅಳಿಯ ನಕ್ಕ. ನಾನೂ ನಕ್ಕೆ. ಆದರೆ ಮಲಗಿದ ಮೇಲೂ, ಮರುದಿನ ಎಣ್ಣೆಯ ತಲೆಗೆ ಬಿಸಿನೀರು ಸುರಿದುಕೊಳ್ಳುವಾಗಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಇಂಥ ಸಿನಿಮಾಗಳನ್ನು ನೋಡುತ್ತ, ಇವುಗಳಲ್ಲಿ ನನ್ನನ್ನು ಕಾಡುವುದು ಯಾವುದು ಎಂದು ಹುಡುಕುತ್ತಿದ್ದವನಿಗೆ, ಅಮ್ಮ ಒಂದು ನಿಮಿಷ ನೋಡಿ ಅದರ ನರವನ್ನೇ ಹಿಡಿದಿದ್ದರು.

ಬೊಂಡಾಸ್ ಮತ್ತು ಬೂದುಗುಂಬಳ

ಹ್ಯಾಲೋವೀನ್ ನಮ್ಮೂರಿಗೆ ಹೊಸದು. ಮಂಗಳೂರಿನ ಮಾಲ್‌ಗಳಲ್ಲಿ ಅಕ್ಟೋಬರ್ ಕೊನೆಗೆ ಪ್ಲಾಸ್ಟಿಕ್ ಕುಂಬಳಕಾಯಿಗಳು ನೇತಾಡುತ್ತವೆ, ದಸರಾದ ಹುಲಿವೇಷದ ಬಣ್ಣ ಮೈಯಿಂದ ಪೂರ್ತಿ ಹೋಗಿರದ ಮಕ್ಕಳಿಗೆ ಮಾಟಗಾತಿಯ ಟೊಪ್ಪಿಗೆ ಹಾಕುತ್ತಾರೆ. ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ಕುಂಬಳಕಾಯಿಗೆ ಮುಖ ಬರೆದು ಬಾಗಿಲಿಗೆ ತೂಗಿಸುವುದನ್ನು ನಮಗೆ ಯಾರೂ ಅಮೆರಿಕದಿಂದ ಬಂದು ಕಲಿಸಬೇಕಾಗಿಲ್ಲ. ಕಟ್ಟುತ್ತಿರುವ ಯಾವ ಕಟ್ಟಡದ ಮುಂದೆ ನೋಡಿದರೂ ಕೋರೆಹಲ್ಲು, ಚಾಚಿದ ನಾಲಿಗೆಯ ಬೂದುಗುಂಬಳ ತೂಗುತ್ತಿರುತ್ತದೆ. ಅದರ ಕೆಲಸವೂ ಸ್ಪಷ್ಟ. ದೃಷ್ಟಿ ತಾಗುವುದಿದ್ದರೆ ತನಗೆ ತಾಗಲಿ ಎಂದು ಅದು ನಿಂತಿದೆ.

ನಾನು ನೋಡುವ ಕಾಸ್ಮಿಕ್ ಹಾರರ್‌ಗೆ ಮೂಲಪುರುಷನೆಂದು ಹೇಳುವ ಎಚ್. ಪಿ. ಲವ್‌ಕ್ರಾಫ್ಟ್ 1890ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿ 1937ರಲ್ಲಿ ಅಲ್ಲಿಯೇ ತೀರಿಕೊಂಡವನು. ಬದುಕಿದ್ದಾಗ ಅಗ್ಗದ ಕಾಗದದ ಪತ್ರಿಕೆಗಳಲ್ಲಿ ಕಥೆ ಬರೆದು ಬಡತನದಲ್ಲೇ ಉಳಿದ. 1928ರಲ್ಲಿ ಅವನ ಅತಿ ಪ್ರಸಿದ್ಧ ಪ್ರಾಣಿ ಅಚ್ಚಿಗೆ ಬಂತು: ಸಮುದ್ರದಡಿಯ ಮುಳುಗಿದ ನಗರದಲ್ಲಿ ಮಲಗಿರುವ, ಆಕ್ಟೋಪಸ್‌ನಂಥ ತಲೆಯ, ಮುಖದ ತುಂಬ ಬಳ್ಳಿಬಳ್ಳಿಯಾಗಿ ತೋಳುಗಳಿರುವ ಕಥುಲು. ಮೀನು, ಏಡಿಗಳೆಂದರೆ ಈ ಲೇಖಕನಿಗೆ ವಾಕರಿಕೆಯಿತ್ತು ಎಂಬುದು ಅವನ ಬಗ್ಗೆ ಎಲ್ಲರಿಗೂ ತಿಳಿದಿರುವ ಸಂಗತಿ, ಮತ್ತು ಈ ಒಂದು ಸಂಗತಿಯಿಂದಲೇ ಅವನಿಗೂ ನಮ್ಮ ಕರಾವಳಿಗೂ ತಾಳೆ ಬೀಳುವುದಿಲ್ಲ. ಮಲ್ಪೆ ಬಂದರಿನಲ್ಲಿ ಬೆಳಗ್ಗೆ ಆರಕ್ಕೆ ಬೋಟಿನಿಂದ ಬುಟ್ಟಿಗಟ್ಟಲೆ ಇಳಿಯುವುದನ್ನು ಅವನು ನೋಡಿದ್ದರೆ ಏನಾಗುತ್ತಿದ್ದನೋ. ನಾನು ಚಿಕ್ಕವನಿದ್ದಾಗ ಅಮ್ಮ ಬಾವಿಕಟ್ಟೆಯ ಪಕ್ಕ ಕುಳಿತು ಬೊಂಡಾಸ್, ಅಂದರೆ ಸ್ಕ್ವಿಡ್, ಶುಚಿ ಮಾಡುವುದನ್ನು ನೋಡುತ್ತ ಕೂರುತ್ತಿದ್ದೆ. ಎಡಗೈಯಲ್ಲಿ ಚೀಲದಂಥ ಮೈ, ಬಲಗೈಯಲ್ಲಿ ತೋಳುಗಳ ಸಮೇತ ತಲೆ; ಒಮ್ಮೆ ತಿರುಚಿ ಎಳೆದರೆ ಕರುಳೆಲ್ಲ ಒಟ್ಟಿಗೆ ಈಚೆ ಬರುತ್ತಿತ್ತು. ಆಮೇಲೆ ಮೈಯೊಳಗೆ ಬೆರಳು ಹಾಕಿ, ಗಾಜಿನ ಗರಿಯಂಥ ಪಾರದರ್ಶಕ ಎಲುಬೊಂದನ್ನು ಎಳೆದು ನನ್ನ ಅಂಗೈಯಲ್ಲಿಡುತ್ತಿದ್ದರು. ಶಾಯಿಯ ಚೀಲ ಒಡೆದರೆ ಕಲ್ಲಿನ ಮೇಲೆ ಕಪ್ಪು ಹರಿಯುತ್ತಿತ್ತು. ಬುಟ್ಟಿಯಲ್ಲಿ ಉಳಿದ ತಲೆಗಳು ದೊಡ್ಡ ದೊಡ್ಡ ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಅದರದೇ ಸುಕ್ಕ. ಹೀಗೆ ಬೆಳೆದವನಿಗೆ ತೆರೆಯ ಮೇಲೆ ಎಷ್ಟೇ ತೋಳುಗಳು ಚಾಚಿಕೊಂಡು ಬಂದರೂ ಮೊದಲು ನೆನಪಾಗುವುದು ಕೊತ್ತಂಬರಿ, ಮೆಣಸು ಹುರಿಯುವ ವಾಸನೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಅವನ ಕಥೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಪತ್ರಗಳಲ್ಲಿ, ಕಪ್ಪು ಜನರ ಮೇಲೆ, ವಲಸಿಗರ ಮೇಲೆ, ತನ್ನಂತಲ್ಲದ ಎಲ್ಲರ ಮೇಲೆ ಹೇಸಿಗೆ ತುಂಬಿದೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯವರು ಅವನ ಮುಖದ ಪ್ರತಿಮೆಯನ್ನು 2015ರ ನಂತರ ಕೈಬಿಟ್ಟದ್ದು ಈ ಕಾರಣಕ್ಕೇ. ದೀಪದ ಬೆಳಕಿನಲ್ಲಿ ಡೋಲು ಬಾರಿಸುತ್ತ ಯಾವುದೋ ಶಕ್ತಿಯ ಮುಂದೆ ಕುಣಿಯುವ ಜನರು ಅವನ ಕಥೆಯಲ್ಲಿ ಬಂದರೆ ಅವರು ಖಂಡಿತ ಕೆಟ್ಟವರು. ಅವನ ಲೆಕ್ಕದಲ್ಲಿ ನಮ್ಮ ಊರಿಗೆ ಊರೇ ಆ ಸಾಲಿನಲ್ಲಿ ನಿಲ್ಲುತ್ತದೆ. ಅವನು ಕಲಿಸಿದ ಭಯವನ್ನು ನಾನು ಇಟ್ಟುಕೊಂಡಿದ್ದೇನೆ, ಅವನ ಹೇಸಿಗೆಯನ್ನು ಅಲ್ಲಿಯೇ ಬಿಟ್ಟಿದ್ದೇನೆ. ಅದು ಅಷ್ಟು ಸಲೀಸಾಗಿ ಬೇರೆಯಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಬೊಂಡಾಸಿನ ಶಾಯಿಯ ಹಾಗೆ, ಸ್ವಲ್ಪ ಕೈಗೆ ಅಂಟಿಯೇ ಅಂಟುತ್ತದೆ.

ಹೆಸರು ಹಿಡಿದು ಕರೆದದ್ದು

ಅಮ್ಮನ ಪ್ರಶ್ನೆ ಎಲ್ಲಿಂದ ಬಂತು ಎಂಬುದು ತುಳುನಾಡಿನವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದರೆ ಇಲ್ಲಿ ಕೇಳುವ ಮೊದಲ ಮಾತೇ ಅದು. ಯಾವುದೋ ದೈವಕ್ಕೆ ಕೊಡಬೇಕಾದದ್ದು ಬಾಕಿಯಿದೆ, ಯಾವುದೋ ಹರಕೆ ಮರೆತುಹೋಗಿದೆ. ಏನು ಬೇಕೆಂದು ಕೇಳಿ, ತಂಬಿಲದ ಪೂಜೆಯೋ ಅಗೆಲಿನ ಎಡೆಯೋ ದೈವ ಮೈಮೇಲೆ ಬಂದು ಕುಣಿಯುವ ಕೋಲವೋ ಕೊಟ್ಟರೆ ಮುಗಿಯಿತು. ಎಷ್ಟು ಉಗ್ರವಾದದ್ದಕ್ಕೂ ಒಂದು ಬೇಡಿಕೆಯಿರುತ್ತದೆ, ಬೇಡಿಕೆಗೆ ಒಂದು ಮಿತಿಯಿರುತ್ತದೆ. ಗುಳಿಗನೆಂಬ ದೈವದ ಪಾಡ್ದನದಲ್ಲಿ, ಅಂದರೆ ಅವನ ಕಥೆಯ ಹಾಡಿನಲ್ಲಿ, ಅವನ ಹಸಿವಿಗೆ ಮೇರೆಯೇ ಇಲ್ಲ; ಕೊಟ್ಟದ್ದನ್ನೆಲ್ಲ ತಿಂದು, ಕೆರೆಯ ನೀರನ್ನೇ ಬತ್ತಿಸಿ, ಇನ್ನೂ ಹಸಿವು ಎನ್ನುತ್ತಾನೆ. ಕೊನೆಗೆ ನಾರಾಯಣ ದೇವರು ತನ್ನ ಕಿರುಬೆರಳನ್ನು ಕೊಟ್ಟಾಗ ತಣಿಯುತ್ತಾನೆ. ಲೋಕವನ್ನೇ ನುಂಗುವ ಹಸಿವಿಗೂ ಕಿರುಬೆರಳಿನಷ್ಟು ಒಂದು ಅಳತೆಯನ್ನು ನಮ್ಮವರು ಕಂಡುಕೊಂಡಿದ್ದಾರೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಟೈಫಾಯ್ಡ್ ಬಂದು ಬದುಕಿಕೊಂಡಿದ್ದೆ. ಅಜ್ಜಿ ಏನೋ ಹರಕೆ ಹೇಳಿಕೊಂಡಿದ್ದರಂತೆ. ಮರುವರ್ಷ ಅಮ್ಮನ ಮೂಲಮನೆಯ ಕೋಲದಲ್ಲಿ ಅದನ್ನು ಒಪ್ಪಿಸಬೇಕಿತ್ತು. ಸಂಜೆ ಹಿಂಬದಿಯ ಹಟ್ಟಿಯ ಹತ್ತಿರ, ಕೋಲ ಕಟ್ಟುವವರು ಬೀಡಿ ಸೇದುತ್ತ ಕುಳಿತಿದ್ದದ್ದನ್ನು ನಾನು ನೋಡಿದ್ದೆ. ನನ್ನನ್ನು ಕರೆದು, ಯಾವ ಕ್ಲಾಸು ಎಂದು ಕೇಳಿ, ಕೆನ್ನೆ ಹಿಂಡಿದ್ದರು. ಆಮೇಲೆ ಅವರಿಗೆ ಎಣ್ಣೆ ಬೂಳ್ಯ ಕೊಟ್ಟದ್ದು, ಮುಖಕ್ಕೆ ಅರದಾಳದ ಹಳದಿ ಬಣ್ಣ ಏರಿದ್ದು, ಪಾಡ್ದನ ಶುರುವಾದದ್ದು, ಕಾಲಿಗೆ ಗಗ್ಗರದ ಗೆಜ್ಜೆ ಬಂದದ್ದು ಎಲ್ಲವನ್ನೂ ನಿದ್ದೆಗಣ್ಣಿನಲ್ಲೇ ನೋಡಿದ್ದೆ. ಬೆಳಗಿನ ಜಾವ ಮೂರೋ ನಾಲ್ಕೋ ಗಂಟೆಗೆ ಅಮ್ಮ ನನ್ನನ್ನು ಚಾಪೆಯಿಂದ ಎಬ್ಬಿಸಿ ಮುಂದಕ್ಕೆ ದೂಡಿದರು. ದೊಂದಿಯ ಬೆಳಕಿನಲ್ಲಿ ಬೆವರಿಗೆ ಕರಗಿದ ಹಳದಿ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ತೆಂಗಿನೆಣ್ಣೆಯ ಹೊಗೆ, ಹಿಂಗಾರದ ಪರಿಮಳ, ಹತ್ತಿರ ಬಂದಷ್ಟೂ ಕಿವಿ ತುಂಬುವ ಗಗ್ಗರದ ಸದ್ದು. ದೈವ ನಮ್ಮ ಮನೆಯ ಹೆಸರು ಹೇಳಿ, ಅಜ್ಜಿಯ ಹರಕೆಯನ್ನು ನೆನಪಿಸಿ, ನನ್ನ ಹೆಸರು ಹಿಡಿದು ಕರೆಯಿತು. ನನ್ನ ಕಾಲು ನಡುಗುತ್ತಿತ್ತು. ಆ ಭಯದಂಥ ಭಯ ಆಮೇಲೆ ಯಾವ ಸಿನಿಮಾವೂ ನನಗೆ ಕೊಟ್ಟಿಲ್ಲ. ಆದರೆ ಅದೇ ಕ್ಷಣದಲ್ಲಿ, ಇಷ್ಟು ದೊಡ್ಡದಕ್ಕೆ ನನ್ನ ಹೆಸರು ಗೊತ್ತಿದೆ ಎಂಬುದು ಹೊಟ್ಟೆಯೊಳಗೆ ಬೆಚ್ಚಗೆ ಇಳಿದದ್ದೂ ನೆನಪಿದೆ. ಅಂಗೈಗೆ ಗಂಧ ಬಿತ್ತು. ಬೆಳಗಾದ ಮೇಲೆ ಅದೇ ಮನುಷ್ಯ ಮುಖ ತೊಳೆದು, ಕಿವಿಯ ಹಿಂದೆ ಒಂದಿಷ್ಟು ಹಳದಿ ಉಳಿಸಿಕೊಂಡು ಚಹಾ ಕುಡಿಯುತ್ತಿದ್ದರು.

‘ದಿ ಥಿಂಗ್’ ಸಿನಿಮಾದ ಭಯವನ್ನು ಈ ನೆನಪಿನ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಯೂ ಗೊತ್ತಿರುವ ಮನುಷ್ಯ ಬೇರೆ ಏನೋ ಆಗಿಬಿಡುತ್ತಾನೆ. ಆದರೆ ನಮ್ಮ ಅಂಗಳದಲ್ಲಿ ಆ ಬದಲಾವಣೆಗೆ ಕ್ರಮವಿದೆ. ಎಣ್ಣೆ ಕೊಟ್ಟ ಮೇಲೆ ಹೋಗುವುದು, ಗಗ್ಗರ ಬಿಚ್ಚಿದ ಮೇಲೆ ಮರಳುವುದು, ಎಲ್ಲರ ಕಣ್ಣೆದುರು ಎರಡೂ ನಡೆಯುವುದು. ಸಿನಿಮಾದ ಹನ್ನೆರಡು ಗಂಡಸರಲ್ಲಿ ಯಾರು ಯಾವಾಗ ಹೋದರು ಎಂದು ಯಾರಿಗೂ ತಿಳಿಯದು, ಹೋದವರು ಮರಳುವುದೂ ಇಲ್ಲ. ರಕ್ತಪರೀಕ್ಷೆಯ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಬ್ಬೊಬ್ಬನ ರಕ್ತವನ್ನು ಬೇರೆ ಬೇರೆ ಗಾಜಿನ ತಟ್ಟೆಗೆ ತೆಗೆದು, ಕಾಯಿಸಿದ ತಂತಿಯನ್ನು ಅದಕ್ಕೆ ಮುಟ್ಟಿಸುತ್ತಾರೆ. ಮನುಷ್ಯನ ರಕ್ತವಾದರೆ ಸುಮ್ಮನೆ ಸುಟ್ಟುಕೊಳ್ಳುತ್ತದೆ, ಅದರ ರಕ್ತವಾದರೆ ಹನಿ ಹನಿಯೂ ಬೇರೆ ಜೀವವಾಗಿ ತಪ್ಪಿಸಿಕೊಳ್ಳಲು ಹಾರುತ್ತದೆ. ಅದಕ್ಕೆ ಬದುಕಬೇಕು ಎಂಬ ಆಸೆಯಿದೆಯಲ್ಲ ಎಂದು ಅಳಿಯನೊಡನೆ ವಾದ ಮಾಡಬಹುದು. ಆದರೆ ಅಮ್ಮ ಕೇಳಿದ್ದು ಅದನ್ನಲ್ಲ. ನಮ್ಮಿಂದ ಏನು ಬೇಕು ಎಂದು ಅವರು ಕೇಳಿದ್ದು. ನಮ್ಮಿಂದ ಅದಕ್ಕೆ ಬೇಕಾದದ್ದು ಮಾಂಸ ಮಾತ್ರ; ಆ ಮಾಂಸ ನಾಯಿಯದೋ ವೈದ್ಯನದೋ ಎಂಬುದು ಅದಕ್ಕೆ ಒಂದೇ.

ಈ ಸಿನಿಮಾ ಅಮೆರಿಕದಲ್ಲಿ 1982ರ ಜೂನ್ 25ರಂದು ತೆರೆ ಕಂಡಿತು. ಅದಕ್ಕೆ ಎರಡು ವಾರ ಮೊದಲು ಸ್ಪಿಲ್‌ಬರ್ಗ್‌ನ ‘ಇ.ಟಿ.’ ಬಂದಿತ್ತು. ಎರಡರಲ್ಲೂ ಆಕಾಶದಿಂದ ಬಂದು ಭೂಮಿಯಲ್ಲಿ ಸಿಕ್ಕಿಹಾಕಿಕೊಂಡ ಜೀವಿ. ಒಂದಕ್ಕೆ ಏನು ಬೇಕೆಂದು ಲೋಕಕ್ಕೆಲ್ಲ ತಿಳಿಯಿತು, ಅದಕ್ಕೆ ಮನೆಗೆ ಹೋಗಬೇಕು; ಜನ ಅತ್ತು ಕರೆದು ಅಪ್ಪಿಕೊಂಡರು. ಇನ್ನೊಂದಕ್ಕೆ ಹೇಳಿಕೊಳ್ಳುವಂಥದ್ದೇನೂ ಬೇಡ; ವಿಮರ್ಶಕರು ಉಗಿದರು, ಚಿತ್ರಮಂದಿರಗಳು ಖಾಲಿ ಹೊಡೆದವು, ಅದು ದೊಡ್ಡ ಸಿನಿಮಾ ಎನಿಸಿಕೊಳ್ಳಲು ವರ್ಷಗಳೇ ಬೇಕಾದವು. ಅಮ್ಮನ ಪ್ರಶ್ನೆಯನ್ನು ಅಲ್ಲಿಯ ಜನರೂ ಕೇಳಿದ್ದರು, ಉತ್ತರ ಸಿಗದೆ ಮನೆಗೆ ಹೋಗಿದ್ದರು ಎಂದೇ ನನಗೆ ಅನ್ನಿಸುತ್ತದೆ.

ತೆರೆ ಇಳಿದ ಮೇಲೆ

ಇಂಥ ಸಿನಿಮಾಗಳ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ತೋರಿಸಬಾರದು, ತೋರಿಸಿದರೆ ಭಯ ಹೋಗುತ್ತದೆ. ಯಕ್ಷಗಾನ ನೋಡಿ ಬೆಳೆದವನಿಗೆ ಇದು ಅರ್ಧಸತ್ಯ. ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ, ರಂಗಕ್ಕೆ ಬರುವಾಗ ಮೊದಲು ಕಾಣುವುದು ಹಿಡಿದ ತೆರೆಯ ಮೇಲಂಚಿನ ಕಿರೀಟ, ಅಂಚನ್ನು ಹಿಡಿದ ಬೆರಳುಗಳು, ಕೆಳಗೆ ಕುಣಿಯುವ ಕಾಲು. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿಯಲ್ಲಿ ಅರೆಕ್ಷಣ ಮುಖ. ಎಷ್ಟೋ ಹೊತ್ತು ಹೀಗೆ ಆಡಿಸಿ, ಚೆಂಡೆ ತಾರಕಕ್ಕೇರಿದ ಮೇಲೆ ತೆರೆ ಇಳಿಯುತ್ತದೆ. ಆಗಲೂ ಭಯ ಹೋಗುವುದಿಲ್ಲ. ಮುಖದ ಮೇಲೆ ಮುಳ್ಳು ಮುಳ್ಳಾಗಿ ಎದ್ದ ಬಿಳಿಯ ಚುಟ್ಟಿಯನ್ನು ಹತ್ತಿರದಿಂದ ನೋಡಿದ ಮಕ್ಕಳು ಅಮ್ಮನ ಸೆರಗಿಗೆ ಸೇರಿಕೊಳ್ಳುತ್ತಾರೆ. ಭಯ ಹೋಗುವುದು ಅವನು ಅರ್ಥ ಹೇಳಲು ಬಾಯಿ ತೆರೆದಾಗ. ತಾನು ಯಾರು, ತನ್ನ ತಂಗಿಗೋ ಅಣ್ಣನಿಗೋ ಏನು ಅನ್ಯಾಯವಾಗಿದೆ, ಈಗ ಯಾರನ್ನು ಹುಡುಕಿಕೊಂಡು ಹೊರಟಿದ್ದೇನೆ ಎಂದು ಅಚ್ಚ ಕನ್ನಡದಲ್ಲಿ ವಿವರಿಸಲು ತೊಡಗಿದನೆಂದರೆ ಎಂಥ ರಕ್ಕಸನೂ ಅರ್ಧ ನೆಂಟನಾದ ಹಾಗೆಯೇ. ‘ದಿ ಥಿಂಗ್’ ಎಲ್ಲವನ್ನೂ ಪೂರ್ಣ ಬೆಳಕಿನಲ್ಲಿ, ನಾಚಿಕೆಯಿಲ್ಲದೆ ತೋರಿಸುತ್ತದೆ. ಆದರೂ ಹೆದರಿಸುತ್ತದೆ, ಏಕೆಂದರೆ ಅದು ತನ್ನ ಸ್ವಂತ ಬಾಯಿಯಿಂದ ಒಂದು ಮಾತನ್ನೂ ಆಡುವುದಿಲ್ಲ. ಮಾತಾಡಿದಾಗಲೆಲ್ಲ ತಾನು ನುಂಗಿದವರ ಧ್ವನಿಯಲ್ಲೇ ಆಡುತ್ತದೆ.

ಉಡುಪಿಯಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ದಾಟಿ ಹೋಗಲು ಆಗುವುದಿಲ್ಲ. ಆದಿ ಅಂತ್ಯಗಳಿಲ್ಲದ ರೂಪ, ಉರಿಯುವ ಬಾಯಿಗಳು, ಹಲ್ಲುಗಳ ನಡುವೆ ಸಿಕ್ಕಿಕೊಂಡ ಯೋಧರ ತಲೆಗಳು. ಇದಕ್ಕಿಂತ ದೊಡ್ಡ ಕಾಸ್ಮಿಕ್ ಭಯವನ್ನು ಯಾರು ಬರೆದಾರು? ಆ ರೂಪದ ಮುಂದೆ ಅರ್ಜುನ ಕೇಳುವುದು ಅಮ್ಮ ಕೇಳಿದ್ದನ್ನೇ. ನೀನು ಯಾರೆಂದು ಹೇಳು, ನಿನ್ನ ಪ್ರವೃತ್ತಿ ನನಗೆ ತಿಳಿಯುತ್ತಿಲ್ಲ ಎನ್ನುತ್ತಾನೆ. ಮುಂದಿನ ಶ್ಲೋಕದಲ್ಲೇ ಉತ್ತರ ಬರುತ್ತದೆ, “ಕಾಲೋಽಸ್ಮಿ”, ನಾನು ಕಾಲ ಎಂದು. ಉತ್ತರ ಭೀಕರವಾದದ್ದೇ, ಆದರೆ ಉತ್ತರ. ಹಳೆಯ ರೂಪವನ್ನೇ ತೋರಿಸು ಎಂದು ಬೇಡಿದರೆ ತೋರಿಸುವ ಕರುಣೆಯೂ ಅಲ್ಲಿದೆ. ಅಂಥವನನ್ನು ಇಲ್ಲಿಯ ಕೃಷ್ಣಮಠದಲ್ಲಿ ನಾವು ಕಡೆಗೋಲು ಹಿಡಿದ ಮಗುವನ್ನಾಗಿ ಮಾಡಿ, ಒಂಬತ್ತು ತೂತಿನ ಕಿಂಡಿಯಿಂದ ಒಂದು ಕ್ಷಣ ನೋಡಿ ಮುಂದೆ ಸರಿಯುತ್ತೇವೆ.

ದೀಪಸ್ತಂಭ

ಹಾಗಾದರೆ, ಬೇಡಿಕೆಯಿರುವ, ಉತ್ತರ ಕೊಡುವ, ಹೆಸರು ಹಿಡಿದು ಕರೆಯುವ ಇಷ್ಟೊಂದು ಭಯಗಳ ನಡುವೆ ಬೆಳೆದವನಿಗೆ ಈ ಉತ್ತರವಿಲ್ಲದ ಸಿನಿಮಾಗಳ ಗೀಳು ಏಕೆ ಹಿಡಿಯಿತು? 2018ರ ಅಕ್ಟೋಬರಿನಲ್ಲಿ, ಮಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ‘ಅನೈಅಲೇಷನ್’ ನೋಡಿದೆ. ಕರಾವಳಿಯ ದೀಪಸ್ತಂಭವೊಂದಕ್ಕೆ ಆಕಾಶದಿಂದ ಏನೋ ಬಂದು ಬಡಿಯುತ್ತದೆ. ಅದರ ಸುತ್ತ ಸಾಬೂನಿನ ಗುಳ್ಳೆಯಂತೆ ಹೊಳೆಯುವ ಒಂದು ಪೊರೆ ಹುಟ್ಟಿ ಹಿಗ್ಗುತ್ತ ಹೋಗುತ್ತದೆ. ಅದರೊಳಗೆ ಗಿಡ, ಪ್ರಾಣಿ, ಮನುಷ್ಯ ಎಲ್ಲವೂ ಒಂದರೊಳಗೊಂದು ಬೆರೆಯುತ್ತವೆ. ಸತ್ತ ಗೆಳತಿಯ ಕೊನೆಯ ಚೀತ್ಕಾರವನ್ನು ಒಂದು ಕರಡಿ ತನ್ನ ಗಂಟಲಿನಲ್ಲಿ ಇಟ್ಟುಕೊಂಡು ತಿರುಗುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ನನ್ನಲ್ಲಿ ಉಳಿದದ್ದು ಮಾತ್ರ ಕೊನೆಯ ವಿಚಾರಣೆ. ಅದಕ್ಕೆ ಏನು ಬೇಕಿತ್ತು ಎಂದು ಬದುಕಿ ಬಂದವಳನ್ನು ಅಧಿಕಾರಿ ಕೇಳುತ್ತಾನೆ. ಅದಕ್ಕೆ ಏನಾದರೂ ಬೇಕಿತ್ತು ಎಂದು ತನಗೆ ಅನ್ನಿಸುವುದಿಲ್ಲ, ತಾನು ಅಲ್ಲಿದ್ದೇನೆ ಎಂಬುದಾದರೂ ಅದಕ್ಕೆ ತಿಳಿದಿತ್ತೋ ಇಲ್ಲವೋ ಎಂದು ಅವಳು ಹೇಳುತ್ತಾಳೆ.

1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದವನು ನಾನು. ಅದರ ಬೆಳಕು ಸುತ್ತಿ ಸುತ್ತಿ ಬರುವುದನ್ನು ಎಣಿಸುತ್ತ ನಿದ್ದೆ ಹೋಗುತ್ತಿದ್ದೆ. ಆ ಬೆಳಕು ನಮಗಾಗಿ ಎಂದೇ ಚಿಕ್ಕಂದಿನಲ್ಲಿ ತಿಳಿದಿದ್ದೆ. ಸಮುದ್ರಕ್ಕೂ ಒಬ್ಬ ದೈವ, ಬೊಬ್ಬರ್ಯನಿದ್ದಾನೆ, ಅವನಿಗೂ ಗುಡಿಯಿದೆ, ನಮ್ಮವರ ಹೆಸರು ಅವನಿಗೂ ಗೊತ್ತು. ಆದರೆ ರಾತ್ರಿ ಆ ಬಂಡೆಯ ಮೇಲೆ ಕುಳಿತು ಎದುರಿಗೆ ನೋಡಿದರೆ ಕಾಣುವುದು ಬೊಬ್ಬರ್ಯನಲ್ಲ. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಸೈಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುತ್ತಿದ್ದ ಕಾಲದ ಲಾವಾದಿಂದ ಆದವು. ಅವುಗಳ ಮೇಲೆ ಕುಳಿತು ಚರುಮುರಿ ತಿನ್ನುವಾಗ, ಆ ಬೆಂಕಿಯನ್ನು ನೋಡಲು ಒಬ್ಬ ಮನುಷ್ಯನೂ ಇರಲಿಲ್ಲ, ಮುಂದೊಂದು ದಿನವೂ ಇರಲಿಕ್ಕಿಲ್ಲ ಎಂಬುದು ಒಂದು ಕ್ಷಣ ಹೊಳೆದು, ಮರುಕ್ಷಣ ದೋಣಿಯವನು ಕೂಗಿದ್ದರಿಂದ ಮರೆತುಹೋಗುತ್ತದೆ.

ಮುಂದಿನ ಮಾತನ್ನು ಸಿನಿಮಾದ ಮಾತಿನ ನಡುವೆ ತರಲು ನನಗೆ ಸಂಕೋಚವಿದೆ. ಆ ಸಿನಿಮಾ ನೋಡಿ ಎರಡು ತಿಂಗಳಾಗಿರಲಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ ಬೋಟೊಂದು ಎರಡು ದಿನಗಳ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯ ಹೆದ್ದಾರಿಗೆ ಇಳಿದರು. 2019ರ ಮೇ ಮೊದಲ ವಾರದ ಹೊತ್ತಿಗೆ, ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದಡಿಯಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ ಸುದ್ದಿ ಬಂತು. ನಡುವಿನ ನಾಲ್ಕೂವರೆ ತಿಂಗಳು ನಮ್ಮ ಕಡೆ ಯಾರೂ ಸಮುದ್ರದ ಕಡೆ ಮೊದಲಿನಂತೆ ನೋಡಲಿಲ್ಲ. ಯಾರು ಮಾಡಿದ್ದು, ಏಕೆ ಮಾಡಿದ್ದು ಎಂಬ ಮಾತು ಅಂಗಡಿ ಅಂಗಡಿಯಲ್ಲಿ ನಡೆಯಿತು. ಅದೆಲ್ಲ ಜನರಿಗೆ ಬೇಕಿತ್ತು, ಏಕೆಂದರೆ ಯಾರೋ ಮಾಡಿದ್ದಾರೆ ಎಂದರೆ ಕೇಳಲು ಒಂದು ಬಾಗಿಲಾದರೂ ಇರುತ್ತದೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು, ನಲವತ್ತು ವರ್ಷ ಕಡಲಿಗೆ ಹೋದವರು, ಒಂದು ಸಂಜೆ ಅಮ್ಮನೊಡನೆ ಮಾತಾಡುತ್ತ, “ಅದಕ್ಕೆ ಸಿಟ್ಟೂ ಇಲ್ಲ ಅಕ್ಕ, ಪ್ರೀತಿಯೂ ಇಲ್ಲ,” ಎಂದಿದ್ದರು. ಅಮ್ಮ ಉತ್ತರ ಕೊಡಲಿಲ್ಲ. ಆ ಮಾತು ಆಡಬಾರದಿತ್ತು ಎಂಬಂತೆ ಅವರೂ ಎದ್ದುಹೋದರು.

ಎರಡು ವರ್ಷದ ನಂತರ, 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಹಲವು ಕಡೆ ರಾತ್ರಿ ಸಮುದ್ರ ನೀಲಿಯಾಗಿ ಹೊಳೆಯಿತು. ಮಟ್ಟುವಿನ ಕಿನಾರೆಗೆ ನಾವೂ ಹೋಗಿದ್ದೆವು. ಅಲೆ ಮುರಿಯುವ ಅಂಚಿನುದ್ದಕ್ಕೂ ಗ್ಯಾಸ್ ಒಲೆಯ ಉರಿಯಂಥ ನೀಲಿ ಗೆರೆ ಓಡುತ್ತಿತ್ತು. ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಹೆಜ್ಜೆಯ ಸುತ್ತ ಬೆಳಕು ಮೂಡಿ, ಕಾಲೆತ್ತುವಷ್ಟರಲ್ಲಿ ಆರುತ್ತಿತ್ತು. ಆಗಿನ್ನೂ ಹೈಸ್ಕೂಲಿನಲ್ಲಿದ್ದ ಅಳಿಯ ಹುಚ್ಚು ಹಿಡಿದವನಂತೆ ಓಡಾಡಿದ. ನಾಕ್ಟಿಲುಕಾ ಎಂಬ ಒಂಟಿಕೋಶದ ಜೀವಿ, ನೀರು ಕದಡಿದಾಗ ಒಳಗಿನ ರಸಾಯನ ಕ್ರಿಯೆಯಿಂದ ಬೆಳಕು ಕೊಡುತ್ತದೆ, ಅದು ವಿಪರೀತ ಹೆಚ್ಚುವುದು ಮೀನುಗಳಿಗೆ ಒಳ್ಳೆಯದಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಲವ್‌ಕ್ರಾಫ್ಟನ 1927ರ ಕಥೆಯೊಂದರಲ್ಲಿ ಉಲ್ಕೆಯೊಡನೆ ಬಿದ್ದು, ಹೊಲಮನೆಯ ಬಾವಿಗೆ ಸೇರಿಕೊಂಡು, ಬೆಳೆ, ದನ, ಮನುಷ್ಯರನ್ನೆಲ್ಲ ಬೂದಿ ಮಾಡುವುದು ಒಂದು ಬಣ್ಣ ಮಾತ್ರ, ಯಾರೂ ಹೆಸರಿಡಲಾರದ ಬಣ್ಣ. 2019ರಲ್ಲಿ ಅದನ್ನು ಸಿನಿಮಾ ಮಾಡಿದವರು ಮಜೆಂಟಾವನ್ನು ಆರಿಸಿಕೊಂಡರು. ಜಾಣ ಆಯ್ಕೆ, ಕಾಮನಬಿಲ್ಲಿನಲ್ಲಿ ಆ ಬಣ್ಣಕ್ಕೆ ಜಾಗವಿಲ್ಲ, ಕೆಂಪೂ ನೇರಳೆಯೂ ಒಟ್ಟಿಗೆ ಬಿದ್ದಾಗ ನಮ್ಮ ಮಿದುಳು ಅದನ್ನು ಕಟ್ಟಿಕೊಳ್ಳುತ್ತದೆ. ಮಟ್ಟುವಿನ ನೀಲಿಗೆ ಹೆಸರೂ ಇತ್ತು, ಕಾರಣವೂ ಇತ್ತು. ಆದರೂ ಆ ಬೆಳಕು ನನ್ನ ಹೆಜ್ಜೆಗೆ ಉತ್ತರ ಕೊಟ್ಟಂತೆ ಕಾಣುತ್ತಿತ್ತಲ್ಲ, ಅದು ಉತ್ತರವಾಗಿರಲಿಲ್ಲ. ನಾನಲ್ಲದೆ ಒಂದು ತೆಂಗಿನಕಾಯಿ ಉರುಳಿ ಬಂದಿದ್ದರೂ ಅಷ್ಟೇ ಹೊಳೆಯುತ್ತಿತ್ತು. ಚಂದದ ರಾತ್ರಿಯದು. ನನ್ನ ಮೈಯೆಲ್ಲ ಸಣ್ಣಗೆ ಚಳಿ ಹಿಡಿದಿತ್ತು.

ಕೂಗು

2024ರ ನವೆಂಬರ್ 2ರ ಸಂಜೆ ಬಲೀಂದ್ರನನ್ನು ಕರೆಯಲು ಗದ್ದೆಗೆ ಹೋದೆವು. ಅಳಿಯನ ವ್ರತ 31ಕ್ಕೇ ಮುಗಿದಿತ್ತು. ಕೊನೆಯದಾಗಿ ಏನು ನೋಡಿದನೋ ನಾನು ಕೇಳಲಿಲ್ಲ. ಅವನ ಕೈಯಲ್ಲಿ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ನೆಣೆಕೋಲು, ನನ್ನ ಕೈಯಲ್ಲಿ ಅವಲಕ್ಕಿ, ಹೂವಿನ ತಟ್ಟೆ. ಅಮ್ಮ ಮಂಡಿನೋವಿನಿಂದ ಅಂಗಳದಲ್ಲೇ ಉಳಿದು ಅಲ್ಲಿಂದಲೇ ನಿರ್ದೇಶನ ಕೊಡುತ್ತಿದ್ದರು. ಭೂಮಿ ಕಳೆದುಕೊಂಡು ಪಾತಾಳಕ್ಕೆ ಹೋದ ಬಲಿಗೆ ವರ್ಷಕ್ಕೊಮ್ಮೆ ಬರುವ ಅಪ್ಪಣೆ ಮಾತ್ರ ಇದೆ. ಪೂರ್ತಿ ಮರಳುವುದು ಯಾವಾಗ ಎಂದರೆ, ಕಲ್ಲು ಕಾಯಿ ಬಿಟ್ಟಾಗ, ಉಪ್ಪು ಕರ್ಪೂರವಾದಾಗ, ಉದ್ದಿನ ಕಾಳು ಮದ್ದಳೆಯಾದಾಗ. ಅಂದರೆ ಎಂದೂ ಇಲ್ಲ. ಅದನ್ನು ಹಾಡಿ ಹೇಳಿಯೇ ಅವನನ್ನು ಕರೆಯುತ್ತೇವೆ.

ಕೋಲನ್ನು ಬದುವಿನ ಮಣ್ಣಿಗೆ ಚುಚ್ಚಿ, ಅವಲಕ್ಕಿಯಿಟ್ಟು, “ಓ ಬಲೀಂದ್ರಾ” ಎಂದು ಮೂರು ಸಲ ಕರೆದು ‘ಕೂ’ ಹಾಕಿದೆವು. ನಾನು ಹುಡುಗನಾಗಿದ್ದಾಗ ಒಂದು ಗದ್ದೆಯಲ್ಲಿ ಕೂ ಹಾಕಿದರೆ ಆಚೆ ಗದ್ದೆಯವರು, ಅದರಾಚೆಯವರು, ಹೀಗೆ ಹೊಳೆಯವರೆಗೂ ಕೂಗು ಕೈಯಿಂದ ಕೈಗೆ ದಾಟಿ ಹೋಗುತ್ತಿತ್ತು. ಈಗ ಆಚೆ ಗದ್ದೆ ಉಳುವವರಿಲ್ಲದೆ ಹಡಿಲು ಬಿದ್ದಿದೆ, ಮನೆಯವರು ಮುಂಬಯಿಯಲ್ಲಿದ್ದಾರೆ, ಅದರಾಚೆಯದು ಸೈಟುಗಳಾಗಿದೆ. ನಮ್ಮ ಕೂಗು ಹೋಗಿ, ಕಪ್ಪೆಗಳ ಸದ್ದು ಮಾತ್ರ ಉಳಿಯಿತು. ದೂರದಲ್ಲಿ ದೀಪಸ್ತಂಭದ ಬೆಳಕು ಒಮ್ಮೆ ಹಾದುಹೋಯಿತು.

“ಮಾವ, ಯಾರೂ ಕೂ ಹಾಕಲಿಲ್ಲವಲ್ಲ,” ಎಂದ ಅಳಿಯ.

ಅಂಗಳದಿಂದ ಅಮ್ಮ ಕೂಗಿ ಕೇಳಿದರು, “ಕರೆದಾಯಿತಾ? ಕೇಳಿಸಲೇ ಇಲ್ಲ ನನಗೆ.”

ಅವನು ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಹಡಿಲು ಗದ್ದೆಯ ಕಡೆಗೆ ತಿರುಗಿ, ಮೊದಲಿಗಿಂತ ಜೋರಾಗಿ ಇನ್ನೊಮ್ಮೆ ಕರೆದ.